ಪುಟ್ಟು, ಇಲ್ಲಿ ಎಲ್ಲಿ ಓಡೋದು ಅಂದೆಯಲ್ಲ

ಪುಟ್ಟು, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ರಾತ್ರಿಯೇ ನೋಡಿದೆ. ಟೈಪ್ ಮಾಡುವುದಕ್ಕೆ ಕನ್ನಡಕ ಹುಡುಕಬೇಕು. ಅದಕ್ಕೇ ಮೈಕ್ ಒತ್ತಿ ಮಾತಾಡುತ್ತಿದ್ದೇನೆ, ಅದೇ ಬರೆದುಕೊಳ್ಳುತ್ತದೆ. ಸ್ವಲ್ಪ ಉದ್ದ ಆಗುತ್ತದೆ. ಬೇಜಾರಾದವರು ಕೆಳಗಿನ ಗುಡ್ ಮಾರ್ನಿಂಗ್ ಚಿತ್ರಕ್ಕೆ ಹೋಗಬಹುದು.

ನೀನು ಕೇಳಿದ್ದು ಇಷ್ಟು. ಡಿಸೆಂಬರಿನಲ್ಲಿ ಮೂರು ವಾರ ಬರುತ್ತೀಯ, ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಭಾನುವಾರ ಮೂರ್‌ಲ್ಯಾಂಡ್ ಮೇಲೆ, ಅಂದರೆ ಮರವಿಲ್ಲದ ಎತ್ತರದ ಬಯಲಿನ ಮೇಲೆ, ಓಡಿ ರೂಢಿಯಾಗಿದೆ, ತುಮಕೂರಿನಲ್ಲಿ ಗುಡ್ಡ, ಕಾಡು ಇರುವ ದಾರಿ ಇದೆಯಾ ಅಂತ. ಅದಕ್ಕೆ ನಿಮ್ಮಪ್ಪ, ಅಂದರೆ ನಮ್ಮಣ್ಣ, ಟ್ರೆಡ್‌ಮಿಲ್ ಬಾಡಿಗೆಗೆ ತರಿಸುತ್ತೇನೆ ಅಂದ. ಅಜ್ಜಿ ‘ಬೆಟ್ಟದಲ್ಲಿ ಕರಡಿ ಇದೆ, ಮಗು ಮನೆಯಲ್ಲೇ ಇರಲಿ’ ಅಂದರು. ಅಣ್ಣ ಹೇಳಿದ್ದು ಪೂರ್ತಿ ತಪ್ಪು. ಅಜ್ಜಿ ಹೇಳಿದ್ದು ಅರ್ಧ ಸರಿ.

ಆಗಸ್ಟಿನಲ್ಲಿ ನೀನು ಕಳಿಸಿದ ಹೆದರ್ ಹೂವಿನ ಫೋಟೋ ಇನ್ನೂ ನನ್ನ ಫೋನಿನಲ್ಲಿದೆ. ರಾಗಿ ಹೊಲಕ್ಕೆ ಯಾರೋ ನೇರಳೆ ಬಣ್ಣ ಎರಚಿದ ಹಾಗೆ. ಕೆಳಗೆ ಪೀಟ್ ಅಂದೆಯಲ್ಲ, ಸಾವಿರಾರು ವರ್ಷದಿಂದ ಪಾಚಿ, ಗಿಡ ಎಲ್ಲ ಅರೆಬರೆ ಕೊಳೆತು ಪದರ ಪದರವಾಗಿ ಕೂತದ್ದು, ಕಾಲಿಟ್ಟರೆ ಒದ್ದೆ ಹಾಸಿಗೆ ತುಳಿದ ಹಾಗಿರುತ್ತದೆ ಅಂತ. ಅದನ್ನು ಇಲ್ಲಿ ಹುಡುಕಬೇಡ, ಸಿಗುವುದಿಲ್ಲ. ಇಲ್ಲಿ ಇರುವುದು ಬಂಡೆ, ನೊರಜು ಕಲ್ಲು, ಕುರುಚಲು ಗಿಡ, ನಡುವೆ ನಡುವೆ ಒಳ್ಳೆಯ ಮರದ ಕಾಡು. ಆದರೆ ಎತ್ತರದ ಮಾತಿಗೆ ಬಂದರೆ ಸುಮ್ಮನಿರು. ನೀನು ಹತ್ತಿದೆ ಅಂತ ಕುಣಿದಾಡಿದ ಕಿಂಡರ್ ಸ್ಕೌಟ್ 636 ಮೀಟರ್. ತುಮಕೂರು ಪೇಟೆಯೇ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಮೇಲಿದೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಮಾರುವವರು ನಿನ್ನ ಬೆಟ್ಟಕ್ಕಿಂತ ಎತ್ತರದಲ್ಲಿ ಕೂತಿರುತ್ತಾರೆ!

ಸರಿ, ದಾರಿಗೆ ಬರುತ್ತೇನೆ. ಬೇರೆ ಏನೂ ಬೇಡ, ದೇವರಾಯನದುರ್ಗದ ದಾರಿ ಹಿಡಿ. ಊರಿನಿಂದ ಬೆಟ್ಟಕ್ಕೆ ಸುಮಾರು 15 ಕಿಲೋಮೀಟರ್. ಅಷ್ಟನ್ನೂ ಓಡಬೇಕಿಲ್ಲ. ಊರು ಬಿಡುವ ತನಕ ಟ್ರ್ಯಾಕ್ಟರ್, ಇಟ್ಟಿಗೆ ಲಾರಿ, ಧೂಳು. ಮಾಮ ನಿನ್ನನ್ನು ಸ್ಕೂಟರಿನಲ್ಲಿ ನಾಮದ ಚಿಲುಮೆಗೆ ಬಿಡುತ್ತಾರೆ. ಅಲ್ಲಿಂದ ಶುರು ಮಾಡು. ರಾಮ ಹಣೆಗೆ ನಾಮ ಇಡಲು ನೀರು ಬೇಕಾಗಿ ಬಂಡೆಗೆ ಬಾಣ ಬಿಟ್ಟ, ಚಿಲುಮೆ ಚಿಮ್ಮಿತು ಅನ್ನುತ್ತಾರೆ. ಅಲ್ಲಿ ನಿಂತು ಒಂದು ಬೊಗಸೆ ನೀರು ನೋಡಿ, ಕಾಲು ಸಡಿಲ ಮಾಡಿಕೊಂಡು ಹೊರಡು. ಅಲ್ಲಿಂದ ಬೆಟ್ಟದ ಬುಡದವರೆಗಿನ ರಸ್ತೆ ಇದೆಯಲ್ಲ, ನನ್ನ ಪ್ರಕಾರ ಇಡೀ ಜಿಲ್ಲೆಯಲ್ಲೇ ಓಡುವುದಕ್ಕೆ ಅದಕ್ಕಿಂತ ಚೆನ್ನಾದ ರಸ್ತೆ ಇಲ್ಲ. ಎರಡೂ ಕಡೆ ಮರ. ಏರು ಬರುತ್ತದೆ, ಆದರೆ ಎದೆಗೆ ಒದೆಯುವ ಏರಲ್ಲ. ತಿರುವಿನಲ್ಲಿ ಮರ ಸರಿದಾಗ ಎದುರಿಗೆ ಬೆಟ್ಟ ಧುತ್ತಂತ ನಿಲ್ಲುತ್ತದೆ.

ಡಿಸೆಂಬರಿನಲ್ಲಿ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಗುಡ್ಡದ ನೆತ್ತಿಯಲ್ಲಿ ಮರ ಇಲ್ಲ, ಬರೀ ಹುಲ್ಲು, ಬಂಡೆ. ನಿನ್ನ ಮೂರ್‌ಲ್ಯಾಂಡಿಗೆ ನಮ್ಮಲ್ಲಿ ಹತ್ತಿರದ ನೆಂಟ ಅಂದರೆ ಅದೇ. ಒಂದು ಜಾತಿಯ ಹುಲ್ಲು ಬೆರಳಲ್ಲಿ ಉಜ್ಜಿದರೆ ನಿಂಬೆ ವಾಸನೆ ಬರುತ್ತದೆ. ನಾನು ಏದುಸಿರು ಬಂದಾಗೆಲ್ಲ ಆ ಹುಲ್ಲಿನ ನೆಪ ಮಾಡಿ ನಿಲ್ಲುತ್ತೇನೆ.

ಬುಡದ ಹಳ್ಳಿಯಲ್ಲಿ ಭೋಗಾನರಸಿಂಹ, ಮೇಲೆ ಯೋಗಾನರಸಿಂಹ. ಬೆಟ್ಟದ ತುದಿ ಸುಮಾರು 1,200 ಮೀಟರ್. ಮೊದಲ ದಿನ ಕೆಳಗಿನ ದೇವಸ್ಥಾನದ ತನಕ ಸಾಕು. ಮೇಲಿನ ಘಾಟ್ ರಸ್ತೆ ಚಿಕ್ಕದು, ತಿರುವು ಜಾಸ್ತಿ. ಭಾನುವಾರ ಬೆಂಗಳೂರಿನ ಬೈಕಿನವರು ತಿರುವಿನಲ್ಲಿ ಮೈ ವಾಲಿಸಿಕೊಂಡು ಬರುತ್ತಾರೆ, ನೀನು ಕಾಣುವುದೇ ಇಲ್ಲ. ವಾರದ ನಡುವೆ ಹೋಗು. ಕೊನೆಗೆ ಮೆಟ್ಟಿಲು ಬರುತ್ತದೆ, ಅಲ್ಲಿ ಓಡಬೇಡ, ದೇವರ ಮುಂದೆ ಪೌರುಷ ಬೇಡ. ಮೇಲೆ ಮೋಡ ಇಲ್ಲದಿದ್ದರೆ ದಕ್ಷಿಣಕ್ಕೆ ಶಿವಗಂಗೆ ಕಾಣುತ್ತದೆ. ಇನ್ನೊಂದು, ಇದು ನನಗೆ ಬಹಳ ಇಷ್ಟ: ಜಯಮಂಗಲಿಯೂ ಇದೇ ಬೆಟ್ಟಸಾಲಿನಲ್ಲಿ ಹುಟ್ಟುತ್ತದೆ, ಶಿಂಷೆಯೂ ಇಲ್ಲೇ ಹುಟ್ಟುತ್ತದೆ. ಒಬ್ಬಳು ಬಡಗಲಿಗೆ ಹೋಗಿ ಪಿನಾಕಿನಿ ಸೇರುತ್ತಾಳೆ, ಇನ್ನೊಬ್ಬಳು ತೆಂಕಲಿಗೆ ಹೋಗಿ ಕಾವೇರಿ ಸೇರುತ್ತಾಳೆ. ನಾನೂ ನಿಮ್ಮ ಚಿಕ್ಕತ್ತೆಯೂ ಮದುವೆಯಾಗಿ ಹೋದ ಹಾಗೆ.

ಒಂದು ನಿಮಿಷ, ಹೂವಿನವಳು ಬಂದಳು.

ಹಾಂ. ಈಗ ಅಜ್ಜಿಯ ಅರ್ಧ ಸರಿ. ಇದನ್ನು ಸರಿಯಾಗಿ ಕೇಳಿಸಿಕೋ. ಅಲ್ಲಿ ಕರಡಿ ಇರುವುದು ನಿಜ, ಚಿರತೆಯೂ ಇದೆ. ಹೋದ ವರ್ಷ ಕಾರ್ತಿಕದಲ್ಲಿ ನಾನು ಬಹಳ ಶೂರಳಾಗಿದ್ದೆ. ಬೆಳಗ್ಗೆ ಐದೂಕಾಲಿಗೇ ಚಿಲುಮೆ ಬಿಟ್ಟೆ, ಹಣೆಗೆ ಟಾರ್ಚ್ ಕಟ್ಟಿಕೊಂಡು. ಮಾಮ ಹಿಂದೆ ಎಲ್ಲೋ ಸ್ಕೂಟರ್ ನಿಲ್ಲಿಸಿ ಫೋನ್ ನೋಡುತ್ತಿದ್ದರು. ಒಂದು ತಿರುವಿನಲ್ಲಿ ರಸ್ತೆ ಪಕ್ಕದ ಹುತ್ತ ಒಡೆದಿತ್ತು. ಮಣ್ಣು ಇನ್ನೂ ಹಸಿ, ಕೆಂಪಗೆ, ಗೆದ್ದಲು ಚೆಲ್ಲಾಪಿಲ್ಲಿ ಓಡಾಡುತ್ತಿದ್ದವು. ಟಾರ್ಚ್ ಬೆಳಕಿನಲ್ಲಿ ಉಗುರಿನ ಗೀರು ಕೂಡ ಕಂಡಿತು, ನಾಲ್ಕೋ ಐದೋ ಸಾಲು, ಬಾಚಣಿಗೆ ಎಳೆದ ಹಾಗೆ. ಅಷ್ಟರಲ್ಲಿ ಪೊದೆಯ ಒಳಗಿಂದ ಸದ್ದು. ಹುರ್... ಹುರ್... ಅಂತ, ಯಾರೋ ಒಲೆ ಊದುವ ಹಾಗೆ, ಆಮೇಲೆ ಬಿಸಿ ಕಾಫಿ ಸೊರ್ರಂತ ಎಳೆದ ಹಾಗೆ. ಕರಡಿ ಗೆದ್ದಲು ತಿನ್ನುವುದೇ ಹಾಗಂತೆ, ಮೊದಲು ಮಣ್ಣು ಊದುತ್ತದೆ, ಆಮೇಲೆ ಹೀರುತ್ತದೆ. ನನಗೆ ಆ ಹೊತ್ತಿನಲ್ಲಿ ಇದೆಲ್ಲ ಗೊತ್ತಿರಲಿಲ್ಲ. ಆದರೂ ಮೈ ಜುಂ ಅಂದಿತು. ಓಡಲಿಲ್ಲ, ಅದೊಂದು ಬುದ್ಧಿ ದೇವರು ಕೊಟ್ಟ. ಮುಖ ಆ ಕಡೆಗೇ ಇಟ್ಟುಕೊಂಡು ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟೆ. ತಿರುವು ದಾಟಿದ ಮೇಲೆ ‘ರೀ’ ಅಂತ ಕೂಗಿದ್ದು ಊರ್ಡಿಗೆರೆಗೆ ಕೇಳಿಸಿರಬೇಕು.

ಕರಡಿಗೆ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ತಿನ್ನುವುದರಲ್ಲಿ ಮುಳುಗಿದ್ದರೆ ನೀನು ಮೇಲೆ ಬಂದು ಬೀಳುವ ತನಕ ಅದಕ್ಕೆ ಗೊತ್ತಾಗುವುದಿಲ್ಲ. ಗೊತ್ತಾದ ತಕ್ಷಣ ಹೆದರಿ ಮೈಮೇಲೆ ಬರುತ್ತದೆ. ಮರಿ ಬೆನ್ನ ಮೇಲಿದ್ದರಂತೂ ಕೇಳುವುದೇ ಬೇಡ. ಅದು ತಿರುಗಾಡುವುದು ರಾತ್ರಿ, ಮುಂಜಾವ, ಮುಸ್ಸಂಜೆ. ಅದಕ್ಕೇ ಹೇಳುತ್ತೇನೆ, ಸೂರ್ಯ ಹುಟ್ಟಿದ ಮೇಲೆ ಓಡು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಹುಟ್ಟುವುದು ಆರೂಮುಕ್ಕಾಲಿನ ಹತ್ತಿರ. ಏಳೂಕಾಲಿಗೆ ಶುರು ಮಾಡಿದರೂ ತಣ್ಣಗೇ ಇರುತ್ತದೆ. ನಿನ್ನ ಶೆಫೀಲ್ಡಿನಲ್ಲಿ ಆ ತಿಂಗಳು ಎಂಟು ದಾಟಿದರೂ ಕತ್ತಲೆ ಅಲ್ವಾ, ನಿನಗೆ ಇದೇ ದೊಡ್ಡ ಭಾಗ್ಯ. ಕಿವಿಗೆ ಇಯರ್‌ಫೋನ್ ಬೇಡ. ಬಾಯಿ ಮುಚ್ಚಿಕೊಂಡು ಓಡಬೇಡ. ತಿರುವು ಬಂದಾಗ ಏನಾದರೂ ಮಾತಾಡು, ಹಾಡು, ಮಗ್ಗಿ ಹೇಳು. ನಾನು ಹದಿಮೂರರ ಮಗ್ಗಿ ಹೇಳುತ್ತೇನೆ. ಹದಿಮೂರೇಳಲ ತೊಂಬತ್ತೊಂದಕ್ಕೆ ಬೆಟ್ಟದ ಬುಡ ಬಂದಿರುತ್ತದೆ.

ಇನ್ನೊಂದು ವಿಷಯ. ಅಲ್ಲಿ ನೀನು ಕಾಲುದಾರಿ ಬಿಟ್ಟು ಬಯಲಿಗೆ ಇಳಿದು ಎತ್ತ ಬೇಕಾದರೂ ಓಡುತ್ತೀಯ. ನೀನೇ ಹೇಳಿದ್ದೆ, 1932ರ ಏಪ್ರಿಲ್ 24ರಂದು ಕಾರ್ಖಾನೆ ಹುಡುಗರೆಲ್ಲ ಸೇರಿ ಜಮೀನುದಾರರ ಕಾವಲುಗಾರರನ್ನು ದಾಟಿ ಕಿಂಡರ್ ಸ್ಕೌಟ್ ಹತ್ತಿದರು, ಐದು ಜನ ಜೈಲಿಗೂ ಹೋದರು ಅಂತ. ಮುಂದೆ 2000ದಲ್ಲಿ ಕಾನೂನೇ ಬಂತು, ಬಯಲು ಎಲ್ಲರಿಗೂ ತೆರೆಯಿತು. ಕೇಳಿ ಖುಷಿಯಾಗಿತ್ತು. ಆದರೆ ಆ ರೂಢಿ ಇಲ್ಲಿಗೆ ತರಬೇಡ. ಇದು ಅರಣ್ಯ ಇಲಾಖೆಯ ಕಾಡು. ಅನುಮತಿ ಇಲ್ಲದೆ ಒಳಗೆ ನುಗ್ಗುವ ಹಾಗಿಲ್ಲ. ದನ ಹೋದ ಜಾಡು ನೋಡಿ ‘ಆಹಾ ಟ್ರೇಲ್’ ಅಂತ ಒಳಗೆ ತಿರುಗಿಕೊಳ್ಳಬೇಡ. ಟಾರು ರಸ್ತೆಯಲ್ಲೇ ಇರು.

ಟಾರು ಅಂದ ಮೇಲೆ ಶೂ. ಅಲ್ಲಿ ಕೆಸರಿಗೆ ಹಾಕುತ್ತೀಯಲ್ಲ, ಅಡಿಯಲ್ಲಿ ಮೊಳೆಯ ಹಾಗೆ ರಬ್ಬರ್ ಎದ್ದಿರುವುದು, ಅದನ್ನು ತರಬೇಡ. ಟಾರಿನಲ್ಲಿ ಬೇಗ ಸವೆಯುತ್ತದೆ, ನುಣುಪು ಬಂಡೆಯ ಮೇಲೆ ಹಿಡಿತವೂ ಸಾಲುವುದಿಲ್ಲ. ಸಾದಾ ರೋಡ್ ಶೂ ಸಾಕು. ಮತ್ತೆ, ಹತ್ತುವಾಗ ಬರೀ ಉಸಿರಿನ ಕಷ್ಟ. ಇಳಿಯುವಾಗಲೇ ಮೋಸ. ತೊಡೆ ಪ್ರತಿ ಹೆಜ್ಜೆಗೂ ಬ್ರೇಕ್ ಹಾಕುತ್ತಿರುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ನಾನು ಮೊದಲ ಸಲ ಘಾಟಿಯಿಂದ ಹುಡುಗಿಯ ಹಾಗೆ ಓಡಿಕೊಂಡು ಇಳಿದೆ. ಎರಡು ದಿನ ಗೋಡೆ ಹಿಡಿದು ಮೆಟ್ಟಿಲು ಇಳಿದೆ, ಹಿಂದುಮುಂದಾಗಿ. ಚಿಕ್ಕ ಚಿಕ್ಕ ಹೆಜ್ಜೆ ಇಡು. ನೀರು ನೀನೇ ಹೊತ್ತುಕೋ. ಬಾಳೆಹಣ್ಣು, ಬಿಸ್ಕತ್ತು ಕೈಯಲ್ಲಿ ಕಾಣಿಸಬಾರದು, ಕೋತಿಗಳು ಕಾಯುತ್ತಿರುತ್ತವೆ. ನನ್ನ ಒಂದು ಪ್ಯಾಕೆಟ್ ಗ್ಲೂಕೋಸ್ ಬಿಸ್ಕತ್ತು ಈಗಾಗಲೇ ದೇವರಾಯನದುರ್ಗಕ್ಕೆ ಅರ್ಪಿತ.

ಬಂದ ಮರುದಿನವೇ ಹೊರಡಬೇಡ. ಚಳಿಯಿಂದ ಬಂದ ಮೈ, ಇಲ್ಲಿ ಹತ್ತು ಗಂಟೆಗೆ ಬಿಸಿಲು ಚುರುಗುಟ್ಟುತ್ತದೆ. ಮೊದಲ ಮೂರು ನಾಲ್ಕು ದಿನ ಅಮಾನಿಕೆರೆ ಸುತ್ತು. ಅದು ಸಪಾಟು, ಜನ ಇರುತ್ತಾರೆ, ಅಣ್ಣನೂ ವಾಕಿಂಗ್ ಬರಲಿ.

ಬೇರೆ ಜಾಗ ಕೇಳುತ್ತೀಯ, ಗೊತ್ತು. ಬಸದಿ ಬೆಟ್ಟ ಚೆನ್ನಾಗಿದೆ, ಮೇಲಿನಿಂದ ಮೈದಾಳ ಕೆರೆ ಕಾಣುತ್ತದೆ, ಆದರೆ ಅದು ಮೆಟ್ಟಿಲು ಹತ್ತುವ ಜಾಗ, ಜೈನರ ಪುಣ್ಯಕ್ಷೇತ್ರ, ಸುಮ್ನೆ ನಡೆದು ಹೋಗಿ ಬಾ. ಮಧುಗಿರಿ ಏಕಶಿಲೆ, ಅದನ್ನು ಓಡಿ ಹತ್ತುತ್ತೇನೆ ಅಂದರೆ ಮೊದಲು ನನ್ನ ಹತ್ತಿರ ಮಾತಾಡು. ನಂದಿ ಬೆಟ್ಟ 1,478 ಮೀಟರ್, ನಮ್ಮದಕ್ಕಿಂತ ಎತ್ತರ, ಒಪ್ಪಿದೆ. ಆದರೆ ವಾರದ ಕೊನೆಯಲ್ಲಿ ಅಲ್ಲಿ ಓಡುವುದಕ್ಕಿಂತ ಕಾರುಗಳ ಸಂದಿಯಲ್ಲಿ ನಿಲ್ಲುವುದೇ ಜಾಸ್ತಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಮಾತ್ರ ಒಂದು ದಿನ ಹೋಗೋಣ. ಅಲ್ಲಿ ಬಯಲು ಹುಲ್ಲುಗಾವಲು, ಕೃಷ್ಣಮೃಗಗಳ ಮೀಸಲು ಪ್ರದೇಶ. ನಾವು ಓಡುವ ಹಾಗಿಲ್ಲ. ಅವು ಓಡುವುದನ್ನು ನೋಡಿದ ಮೇಲೆ ನಿನಗೆ ನಿನ್ನ ಗಡಿಯಾರದ ಸ್ಪೀಡು ತೋರಿಸುವುದಕ್ಕೆ ನಾಚಿಕೆಯಾಗುತ್ತದೆ.

ಓಡಿ ಬಂದ ಮೇಲೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಮಾಮನ ಲೆಕ್ಕ. ಮಧ್ಯಾಹ್ನ ಊಟ ನಮ್ಮ ಮನೆಯಲ್ಲೇ. ಡಿಸೆಂಬರ್ ಅಂದರೆ ಸೊಗಡಿನ ಅವರೆಕಾಯಿ ಕಾಲ, ಹಿತಕಿದ ಬೇಳೆ ಸಾರು, ಮುದ್ದೆ. ಅತ್ತಿಗೆ, ನೀವು ಅವನನ್ನು ಬೆಂಗಳೂರಿನಲ್ಲೇ ಇಟ್ಟುಕೊಳ್ಳಬೇಡಿ, ಈಗಲೇ ಹೇಳಿದ್ದೇನೆ. ಅಮ್ಮ, ನೀನು ಹೆದರಬೇಡ, ಅವನ ಜೊತೆ ನಾನಿರುತ್ತೇನೆ, ಹಿಂದೆ ಸ್ಕೂಟರ್ ಇರುತ್ತದೆ, ಈ ಸಲ ಮಾಮನ ಫೋನು ನನ್ನ ಹತ್ತಿರ ಇರುತ್ತದೆ.

ಪುಟ್ಟು, ಕೊನೆಗೆ ಒಂದು ಕೆಲಸ. ಅಲ್ಲಿ ಸೇಲ್ ಬಿದ್ದಾಗ ನನಗೂ ಒಂದು ಜೊತೆ ರೋಡ್ ಶೂ ನೋಡು. ನಂಬರ್ 5. ಇಲ್ಲಿಯ 5, ಅಲ್ಲಿಯ 5 ಒಂದೇ. ಬಿಳಿ ಬೇಡ, ನಮ್ಮ ಕೆಂಪು ಮಣ್ಣಿಗೆ ಅದು ಒಂದು ವಾರವೂ ಬಿಳಿಯಾಗಿ ಉಳಿಯುವುದಿಲ್ಲ.