ಕಾನ್ಸರ್ಟ್ ಯೂಕುಲೆಲೆ: ಸ್ಯಾಡಲ್ ಉಜ್ಜಿ ಮುಗೀತು, ತಂತಿ ಇನ್ನೂ ಮೇಲೇ ಇದೆ

ಹೊಸಕೈ: ನಾನೇ ಕಟ್ಟಿದ ಮೊದಲ ವಾದ್ಯ, ಪುಟ್ಟ ಗಿಟಾರ್ ಥರದ ನಾಲ್ಕು ತಂತಿಯ ಯೂಕುಲೆಲೆ. 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಕಡ್ಡಿ) ಮೇಲೆ ತಂತಿ 4.2 ಮಿಮೀ ಎತ್ತರ ಇದೆ. ಬಾರ್ ಕಾರ್ಡ್ (ಒಂದೇ ಬೆರಳು ಅಡ್ಡ ಇಟ್ಟು ಹಲವು ತಂತಿ ಒತ್ತೋದು) ಹಿಡಿದರೆ ಬೆರಳು ಉರಿಯುತ್ತೆ. ತಂತಿ ಹೊತ್ತಿರೋ ಸ್ಯಾಡಲ್ ಉಜ್ಜಿ ಉಜ್ಜಿ ಬ್ರಿಡ್ಜ್ (ತಂತಿ ಕಟ್ಟೋ ಮರದ ತುಂಡು) ಮೇಲೆ ಬರೀ 2 ಮಿಮೀ ಉಳಿದಿದೆ. ಅಳತೆ ಎಲ್ಲಾ ಸರಿಯಾಗೇ ಇಟ್ಟಿದ್ದೆ. ನೆಕ್ ಕಳಚಬೇಕಾ?

ನಾದಪ್ರಿಯ: ನಟ್ (ನೆಕ್ ತುದಿಯಲ್ಲಿ ತಂತಿ ಕೂರೋ ಕಚ್ಚುಗಳಿರೋ ತುಂಡು) ನೋಡಿ, ಮುಕ್ಕಾಲುಪಾಲು ತಪ್ಪು ಅಲ್ಲೇ ಇರುತ್ತೆ. 3ನೇ ಫ್ರೆಟ್ ಒತ್ತಿ ಹಿಡಿದಾಗ 1ನೇ ಫ್ರೆಟ್ ಮೇಲೆ ಕೂದಲೆಳೆಯಷ್ಟೇ ಸಂದು ಇರಬೇಕು.

ಹೊಸಕೈ: ಅಷ್ಟೇ ಇದೆ.

ನಾದಪ್ರಿಯ: ಆದರೂ ಕಚ್ಚು ಇನ್ನೊಂಚೂರು ಇಳಿಸಿ. 1ನೇ ಫ್ರೆಟ್‌ನಲ್ಲಿ ಶ್ರುತಿ ಏರುತ್ತಾ?

ಮರದಪುಡಿ: ನಟ್ ಅರ್ಧ ಮಿಮೀ ಇಳಿಸಿದರೂ 12ರಲ್ಲಿ ಇಳಿಯೋದು ಕಾಲು ಮಿಮೀ ಸರ್. ಅವರಿಗೆ ಬೇಕಿರೋದು ಒಂದೂವರೆ. ಹೊಸಕೈ, ಉದ್ದನೆ ಸ್ಟೀಲ್ ಸ್ಕೇಲ್ ಫ್ರೆಟ್‌ಗಳ ಮೇಲಿಟ್ಟು ಬ್ರಿಡ್ಜ್‌ವರೆಗೆ ಚಾಚಿ. ಎಲ್ಲಿ ತಾಗುತ್ತೆ?

ಹೊಸಕೈ: ಬ್ರಿಡ್ಜ್ ಮುಖಕ್ಕೇ ಬಡಿಯುತ್ತೆ, ಸೌಂಡ್‌ಬೋರ್ಡ್‌ನಿಂದ (ಪೆಟ್ಟಿಗೆಯ ಮೇಲ್ಹಲಗೆ) ಸುಮಾರು 3 ಮಿಮೀ ಮೇಲೆ.

ತಗ್ಗುಸ್ವರ: ಲೋ ಜಿ (ಕೆಳಸ್ಥಾಯಿಯ ದಪ್ಪ ಜಿ ತಂತಿ) ಹಾಕಿದ್ದೀರಾ? ಹಾಗಿದ್ರೆ ತೀರಾ ಇಳಿಸಬೇಡಿ. ದಪ್ಪ ತಂತಿ ಅಗಲವಾಗಿ ಅಲುಗುತ್ತೆ, 12ರಲ್ಲಿ 2.8 ಬೇಕೇ ಬೇಕು.

ನಾದಪ್ರಿಯ: ನನ್ನ ಟೆನರ್‌ನಲ್ಲಿ (ಕಾನ್ಸರ್ಟ್‌ಗಿಂತ ದೊಡ್ಡ ಯೂಕುಲೆಲೆ) ಲೋ ಜಿ 2.3ರಲ್ಲಿದೆ. ಝಿರ್ ಅಂದಿದ್ದೇ ಇಲ್ಲ.

ತಗ್ಗುಸ್ವರ: ಬೆರಳಲ್ಲಿ ಮೀಟಿದರೆ ಅನ್ನಲ್ಲ. ಜೋರಾಗಿ ಸ್ಟ್ರಮ್ ಮಾಡಿ ನೋಡಿ. ಟೆನರ್‌ನ 432 ಮಿಮೀ ತಂತಿ ಉದ್ದದ ಲೆಕ್ಕ ಕಾನ್ಸರ್ಟ್‌ನ 381ಕ್ಕೆ ಹೇಗೆ ಬರುತ್ತೆ?

ಮರದಪುಡಿ: ಅದು ಆಮೇಲೆ. ಫ್ರೆಟ್‌ಬೋರ್ಡ್ ದಪ್ಪ ಎಷ್ಟು, ಬ್ರಿಡ್ಜ್ ಎಷ್ಟು?

ಹೊಸಕೈ: 3 ಮತ್ತು 9. ಬ್ರಿಡ್ಜ್ ಕ್ಲಾಸಿಕಲ್ ಗಿಟಾರ್ ನಕ್ಷೆಯದು, ಉದ್ದ ಮಾತ್ರ ಕಮ್ಮಿ ಮಾಡಿದ್ದೆ.

ಮರದಪುಡಿ: ಇದನ್ನ ಮೊದಲೇ ಹೇಳಬಾರದಿತ್ತಾ! ನೆಕ್ ಮುಟ್ಟಬೇಡಿ. ಬ್ರಿಡ್ಜ್ ಕೀಸಿ 6 ಮಿಮೀಗೆ ತನ್ನಿ, ಸ್ಯಾಡಲ್ ಅದರ ಮೇಲೆ 2 ಮಿಮೀ ಹಾಗೇ ಕಾಣಲಿ. ಅಲ್ಲಿ 3 ಇಳಿದರೆ 12ರಲ್ಲಿ ಅದರರ್ಧ, 2.7ಕ್ಕೆ ಬಂದು ಕೂರುತ್ತೆ. ಸ್ಯಾಡಲ್ ಸ್ಲಾಟ್ ಮತ್ತೆ ಆಳ ಮಾಡಬೇಕಾಗುತ್ತೆ. ತಂತಿ ಕಟ್ಟೋ ತೂತುಗಳು ಮೇಲಿಂದ ಎಷ್ಟು ಕೆಳಗಿವೆ?

ಹೊಸಕೈ: 3 ಮಿಮೀ. ಕೀಸಿದರೆ ತೂತೇ ಬಾಯಿ ಬಿಡುತ್ತೆ.

ನಾದಪ್ರಿಯ: ಬಿಸಿ ಮಾಡಿ ಬ್ರಿಡ್ಜ್ ಎಬ್ಬಿಸಿ, ಹೊಸದು ಮಾಡಿ. ನನ್ನ ಟೆನರ್‌ಗೆ ರೋಸ್‌ವುಡ್ ಬ್ರಿಡ್ಜ್, ತಂತಿ ಒಳಗಿಂದ ಬರುತ್ತೆ, ಗಂಟು ಕಾಣೋದೇ ಇಲ್ಲ. ಫೋಟೋ ಹಾಕ್ತೀನಿ.

ಹೊಸಕೈ: ಎಪಾಕ್ಸಿಯಲ್ಲಿ ಅಂಟಿಸಿದ್ದೀನಿ.

ಮರದಪುಡಿ: ಹಾಗಾದರೆ ಎಬ್ಬಿಸೋಕೆ ಹೋಗಬೇಡಿ, ಸೌಂಡ್‌ಬೋರ್ಡ್ ಸಿಪ್ಪೆ ಕಿತ್ತು ಬರಬಹುದು. ಅಲ್ಲೇ ಕೀಸಿ. ಸ್ಯಾಡಲ್ ಹಿಂದೆ ನಾಲ್ಕು ತೂತು ನೇರ ಕೆಳಕ್ಕೆ ಕೊರೆದು, ತಂತಿ ಗಂಟು ಒಳಗಿರೋ ಹಾಗೆ ಮಾಡಿ. ಬ್ರಿಡ್ಜ್ ಕೆಳಗೆ ಒಳಗಡೆ ಗಂಟು ತಡೆಯೋ ಪಟ್ಟಿ ಇದೆ ತಾನೆ?

ಹೊಸಕೈ: ಯಾವ ಪಟ್ಟಿ?