ಸಹಾಯ ಬೇಕು: ನೀಲಿ ಹೊಳಪಿನ ಈ ಜಿಗಿಯುವ ಜೇಡ ಯಾವುದು?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ನಮ್ಮ ಹಿತ್ತಲಿನ ದಾಸವಾಳದ ಎಲೆ ಮೇಲೆ ಕಂಡ ಜೇಡ ಇದು. ಫೋಟೋ ಹಾಕಿದ್ದೇನೆ. ಉದ್ದ ಸುಮಾರು 5 ಮಿಲಿಮೀಟರ್ ಇರಬಹುದು. ಮುಂದೆ ಎರಡು ದೊಡ್ಡ ಕಣ್ಣು, ಬಲೆ ಇಲ್ಲ, ಚಂಗನೆ ನೆಗೆಯುತ್ತದೆ. ಹಾಗಾಗಿ ಸಾಲ್ಟಿಸಿಡೇ, ಅಂದರೆ ಜಿಗಿಯುವ ಜೇಡಗಳ ಕುಟುಂಬದ್ದು ಅನ್ನೋದರಲ್ಲಿ ಅನುಮಾನವಿಲ್ಲ. ಆದರೆ ಆ ಒಂದು ಕುಟುಂಬದಲ್ಲೇ 6,000ಕ್ಕೂ ಜಾಸ್ತಿ ಜಾತಿಗಳಿವೆ, ಅಲ್ವಾ?

ತಲೆಯ ಮೇಲೆ ಕೇಸರಿ ಬಣ್ಣ, ಅದರ ನಡುವೆ ಹೊಳೆಯುವ ನೀಲಿ ಪಟ್ಟಿ. ಹೊಟ್ಟೆಯ ಭಾಗವೂ ಬಿಸಿಲಿಗೆ ನೀಲಿ, ನೇರಳೆಯಾಗಿ ಮಿನುಗುತ್ತದೆ. ಇಷ್ಟು ಪುಟ್ಟ ಜೀವಕ್ಕೆ ಎಂಥಾ ಚೆಂದದ ಬಣ್ಣ! ನನಗೆ ತೋಚಿದ್ದು ಎರಡು ಹೆಸರು: ಕ್ರಿಸಿಲ್ಲಾ ವೊಲುಪೆ, ಇಲ್ಲವೇ ಸೈಲರ್ ಸೆಮಿಗ್ಲಾಕಸ್. ಸೈಲರ್ ಇರುವೆಗಳನ್ನು ಬೇಟೆಯಾಡುತ್ತದೆ. ಅದರ ಮುಂಗಾಲಲ್ಲಿ ಬ್ರಷ್‌ನಂಥ ಕಪ್ಪು ಕೂದಲು ಇರುತ್ತದೆ, ಆ ಕಾಲುಗಳನ್ನು ಮೇಲೆತ್ತಿ ಆಡಿಸುತ್ತಿರುತ್ತದೆ. ನನ್ನ ಫೋಟೋದಲ್ಲಿ ಅಂಥ ಕೂದಲು ಕಾಣುತ್ತಿಲ್ಲ, ಸುತ್ತಮುತ್ತ ಇರುವೆಯೂ ಇರಲಿಲ್ಲ. ಬಾಯಿ ಪಕ್ಕದ ಪುಟ್ಟ ಕಾಲಿನಂಥ ಅಂಗಗಳ ತುದಿ ಉಬ್ಬಿದೆ, ಅಂದರೆ ಗಂಡು. ಅದಕ್ಕೇ ಕ್ರಿಸಿಲ್ಲಾ ಗಂಡು ಅನ್ನಿಸುತ್ತಿದೆ.

ಸುಮ್ನೆ ಬಣ್ಣ ನೋಡಿ ಹೇಳಬೇಡಿ. ಬೆಳಕು ಬೀಳುವ ಕಡೆಗೆ ತಕ್ಕಂತೆ ಈ ಹೊಳಪು ಬದಲಾಗುತ್ತದೆ. ಯಾವ ಗುರುತು ನೋಡಿ ಹೆಸರು ಹೇಳುತ್ತಿದ್ದೀರಿ ಅಂತಲೂ ದಯವಿಟ್ಟು ಬರೆಯಿರಿ. ಹಿಡಿದು ಬಾಟಲಿಯಲ್ಲಿ ಹಾಕಲು ನನಗೆ ಮನಸ್ಸಿಲ್ಲ. ಮತ್ತೆ ಕಂಡರೆ ಯಾವ ಕಡೆಯಿಂದ ಫೋಟೋ ತೆಗೆದರೆ ಅನುಕೂಲ? ಮುಖವೋ, ಬೆನ್ನೋ, ಪಕ್ಕವೋ?