ಬೀದಿದೀಪ ಬದಲಾದ ಮೇಲೆ ಮಿಂಚುಹುಳಗಳು ಕಡಿಮೆಯಾಗಿವೆ: ದೀಪವೇ ಕಾರಣವೇ?

ಪ್ರಶ್ನೆ

ತೀರ್ಥಹಳ್ಳಿ ಕಡೆಯ ನಮ್ಮ ಊರಿನಲ್ಲಿ ಬಸ್ ನಿಲ್ದಾಣದಿಂದ ಕೆರೆ ಏರಿಯವರೆಗಿನ ಹಳದಿ ಸೋಡಿಯಂ ದೀಪಗಳನ್ನು ತೆಗೆದು ಬಿಳಿ ಎಲ್‌ಇಡಿ ದೀಪಗಳನ್ನು ಹಾಕಿ ಮೂರು ವರ್ಷವಾಯಿತು. ಅದಕ್ಕೂ ಮೊದಲು, ಮೇ ತಿಂಗಳ ಕೊನೆಗೆ ಒಂದೆರಡು ಮಳೆ ಬಿದ್ದ ರಾತ್ರಿಗಳಲ್ಲಿ, ಏರಿಯ ಕೆಳಗಿನ ಅತ್ತಿಮರ ಇಡಿಯಾಗಿ ಹೊತ್ತಿ ಆರುವಂತೆ ಮಿಂಚುಹುಳಗಳು ಮಿನುಗುತ್ತಿದ್ದವು. ಈ ವರ್ಷ ಆ ಮರದಲ್ಲಿ ನಾನು ಎಣಿಸಿದ್ದು ಹನ್ನೊಂದು. ದೀಪವಿಲ್ಲದ ಹಳ್ಳದ ಬದಿಯಲ್ಲಿ ಮಾತ್ರ ಮೊದಲಿನಷ್ಟೇ ಇವೆ. ಗದ್ದೆಗೆ ಹೊಡೆಯುವ ಔಷಧಿಯೇ ಇದಕ್ಕೆ ಕಾರಣ ಎಂದು ನೆರೆಯವರು ಹೇಳುತ್ತಾರೆ. ದೀಪದ ಪಾಲು ಎಷ್ಟಿರಬಹುದು, ಅದನ್ನು ಪಂಚಾಯಿತಿಗೆ ಹೇಗೆ ವಿವರಿಸಬೇಕು? ದೀಪವೇ ಬೇಡ ಎನ್ನುವ ಉದ್ದೇಶ ನನಗಿಲ್ಲ; ಮಳೆಗಾಲದಲ್ಲಿ ಆ ಏರಿಯ ಮೇಲೆ ಕಾಲಡಿಯಲ್ಲೇ ಹಾವು ಕಂಡವನು ನಾನು.

ಉತ್ತರ 1

ಔಷಧಿಯ ಪಾಲನ್ನು ತಳ್ಳಿಹಾಕುವಂತಿಲ್ಲ, ಏಕೆಂದರೆ ಮಿಂಚುಹುಳದ ಮರಿಗಳು ಒದ್ದೆ ಮಣ್ಣಿನಲ್ಲಿ ಬಸವನಹುಳುಗಳನ್ನು ತಿಂದು ಬೆಳೆಯುತ್ತವೆ. ಆದರೆ ಹಳ್ಳದ ಬದಿಯಲ್ಲೂ ಅವೇ ಗದ್ದೆಗಳ ನೀರು ಹರಿಯುತ್ತಿದ್ದರೆ, ನಿಮ್ಮ ಎಣಿಕೆಯೇ ದೀಪದ ಕಡೆಗೆ ಬೆರಳು ತೋರಿಸುತ್ತದೆ. ಹಲವು ಜಾತಿಗಳಲ್ಲಿ ಗಂಡು ಹಾರುತ್ತಾ ಮಿನುಗುತ್ತದೆ, ಹುಲ್ಲಿನಲ್ಲೋ ಎಲೆಯ ಮೇಲೋ ಕುಳಿತ ಹೆಣ್ಣು ತನ್ನ ಜಾತಿಗೆ ತಕ್ಕಷ್ಟೇ ಹೊತ್ತು ಬಿಟ್ಟು ಮಂದವಾಗಿ ಮರುಮಿನುಗುತ್ತದೆ. ಆ ಮಂದ ಬೆಳಕು ಬೀದಿದೀಪದ ಹೊಳಪಿನಲ್ಲಿ ಕಾಣುವುದಿಲ್ಲ. ಹುಳ ಸಾಯುವುದಿಲ್ಲ, ಜೋಡಿ ಕೂಡುವುದಿಲ್ಲ ಅಷ್ಟೆ. ಮುಂದಿನ ವರ್ಷ ಮಿನುಗಲು ಮರಿಗಳೇ ಇರುವುದಿಲ್ಲ.

ಪತಂಗಗಳ ಕಥೆ ಬೇರೆ. ಅವು ಬೆಳಕಿಗೆ ಮರುಳಾಗಿ ಬರುತ್ತವೆ ಎಂದು ನಾವೆಲ್ಲ ನಂಬಿದ್ದೆವು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಹಾರುವ ಕೀಟಗಳು ಬೆಳಕಿರುವ ಕಡೆಗೆ ಬೆನ್ನು ಮಾಡುತ್ತವೆ ಎಂದು ತೋರಿಸಿತು. ಬಯಲಿನಲ್ಲಿ ಬೆಳಕೆಂದರೆ ಆಕಾಶ, ಹಾಗಾಗಿ ಹಾರಾಟ ನೇರವಾಗಿರುತ್ತದೆ. ದೀಪ ಪಕ್ಕದಲ್ಲಿದ್ದರೆ ಮೈ ವಾಲಿ, ಅದರ ಸುತ್ತಲೇ ಗಿರಕಿ ಹೊಡೆಯುತ್ತವೆ. ಕಂಬದ ಬುಡದಲ್ಲಿ ಕಾದು ಕುಳಿತ ಕಪ್ಪೆಯನ್ನು ನೀವೂ ನೋಡಿರುತ್ತೀರಿ. ತೆರವಿನಲ್ಲಿ ವೇಗವಾಗಿ ಹಾರುವ ಬಾವಲಿಗಳಿಗೂ ಅಲ್ಲಿ ಹಬ್ಬವೇ. ಆದರೆ ಮರಗಳ ಮರೆಯಲ್ಲಿ ನಿಧಾನವಾಗಿ ಹಾರುವ ಕೆಲವು ಜಾತಿಯ ಬಾವಲಿಗಳು ಬೆಳಕಿನ ದಾರಿಯನ್ನು ದಾಟಲು ಹಿಂಜರಿಯುತ್ತವೆ.

ಉತ್ತರ 2

ನಾನು ಆಕಾಶ ನೋಡುವವನು, ಆದ್ದರಿಂದ ಬಣ್ಣದ ಬಗ್ಗೆ ಹೇಳುತ್ತೇನೆ. ಸೋಡಿಯಂ ದೀಪದ ಹಳದಿಯ ತರಂಗಾಂತರ ಸುಮಾರು 589 ನ್ಯಾನೋಮೀಟರ್. ಬಿಳಿ ಎಲ್‌ಇಡಿಯಲ್ಲಿ 450ರ ಆಸುಪಾಸಿನಲ್ಲಿ ನೀಲಿಯ ಶಿಖರವೊಂದು ಇರುತ್ತದೆ. ಹಗಲಿನ ಆಕಾಶವನ್ನು ನೀಲಿಯಾಗಿಸುವ ಅದೇ ನಿಯಮದಂತೆ, ಗಾಳಿಯಲ್ಲಿ ಈ ನೀಲಿ ಆ ಹಳದಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ಚದುರಿ, ಊರಿನ ಮೇಲೆ ಮಬ್ಬು ಹೊದಿಕೆಯಾಗುತ್ತದೆ. ಜನಸಾಮಾನ್ಯರು ಬರಿಗಣ್ಣಿನಿಂದ ನೋಡಿ ಕಳುಹಿಸಿದ ವರದಿಗಳನ್ನು ಆಧರಿಸಿ 2023ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, 2011ರಿಂದ 2022ರವರೆಗೆ ರಾತ್ರಿಯ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ಶೇ 9.6ರಷ್ಟು ಏರಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿರುವ ತನ್ನ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಹೊಸಕೋಟೆಯಿಂದ ನಡೆಸುತ್ತದೆ. ಆ ಹೊಸಕೋಟೆಯ ಅಂಗಳದಲ್ಲಿ ನಿಂತು ಆಕಾಶಗಂಗೆಯನ್ನು ಹುಡುಕಿದರೆ ಸಿಗುವುದಿಲ್ಲ.

ಒಂದು ಎಚ್ಚರಿಕೆ: ಬೆಚ್ಚನೆಯ ಬಣ್ಣದ ದೀಪ ಹಾಕಿಸಿದರೆ ಆಕಾಶಕ್ಕೆ ಒಳಿತು, ಪತಂಗಗಳಿಗೂ ಸ್ವಲ್ಪ ಒಳಿತು. ಮಿಂಚುಹುಳದ ಮಿನುಗೇ ಹಳದಿ ಹಸಿರಾದ್ದರಿಂದ, ಅವುಗಳಿಗೆ ಬಣ್ಣ ಬದಲಿಸಿದರಷ್ಟೇ ಸಾಲದು, ಮರದ ಮೇಲೆ ಬೆಳಕೇ ಬೀಳಬಾರದು.

ಉತ್ತರ 3

ಒಂದು ಅವಧಿಗೆ ಪಂಚಾಯಿತಿ ಸದಸ್ಯನಾಗಿದ್ದ ಅನುಭವದಿಂದ ಬರೆಯುತ್ತಿದ್ದೇನೆ. ದೀಪ ಉರಿಯದಿದ್ದರೆ ದೂರು ಬರುತ್ತದೆ, ಹೆಚ್ಚು ಉರಿದರೆ ಯಾರೂ ದೂರುವುದಿಲ್ಲ. ಹಳೆಯ ಸೋಡಿಯಂ ದೀಪಗಳಲ್ಲಿ ಅರ್ಧಕ್ಕರ್ಧ ಕೆಟ್ಟೇ ಇರುತ್ತಿದ್ದವು ಎಂಬುದನ್ನೂ ಮರೆಯಬೇಡಿ. ಗ್ರಾಮಸಭೆಯಲ್ಲಿ ಆಕಾಶಗಂಗೆ, ಬಾವಲಿ ಎಂದು ಆರಂಭಿಸಿದರೆ ನಗುತ್ತಾರೆ. ಎದುರಿನಿಂದ ಬರುವವರಿಗೆ ಕಣ್ಣು ಕುಕ್ಕುತ್ತದೆ, ಏರಿ ಪಕ್ಕದ ಮನೆಯ ಮುದುಕರಿಗೆ ನಿದ್ದೆ ಬರುವುದಿಲ್ಲ ಎಂದರೆ ಕೇಳುತ್ತಾರೆ, ಮತ್ತು ಅದು ಸುಳ್ಳೂ ಅಲ್ಲ. ಮೊದಲು ಕಂಬಗಳನ್ನು ಹಗಲಿನಲ್ಲಿ ನೋಡಿ ಬನ್ನಿ. ಎಷ್ಟೋ ಕಡೆ ದೀಪ ನೆಲಕ್ಕೆ ಮುಖ ಮಾಡಿರುವ ಬದಲು, ಕೊಳವೆ ಬಾಗಿದ ಹಾಗೆ ಮೇಲಕ್ಕೆ ಓರೆಯಾಗಿರುತ್ತದೆ. ಸ್ಪ್ಯಾನರ್ ಹಿಡಿದು ತಗ್ಗಿಸಿದರೆ ಕಾಸಿನ ಖರ್ಚಿಲ್ಲ, ದಾರಿಗೂ ಬೆಳಕು ಹೆಚ್ಚುತ್ತದೆ. ಮುಂದಿನ ಖರೀದಿಯ ಠರಾವಿನಲ್ಲಿ 3000 ಕೆಲ್ವಿನ್ ಮೀರದ ದೀಪ ಎಂದು ಬರೆಸಿ; ಕೆಲ್ವಿನ್ ಎಂದರೆ ಇಲ್ಲಿ ಬೆಳಕಿನ ಬಣ್ಣದ ಅಳತೆ, ಅದು ಕಡಿಮೆಯಾದಷ್ಟೂ ಬೆಳಕು ಹಳದಿಯ ಕಡೆಗೆ ವಾಲುತ್ತದೆ.

ಪ್ರಶ್ನೆ ಕೇಳಿದವರಿಂದ

ನಿನ್ನೆ ಹೋಗಿ ನೋಡಿದೆ. ಏರಿಯ ಒಂಬತ್ತು ದೀಪಗಳಲ್ಲಿ ನಾಲ್ಕು ಮೇಲಕ್ಕೆ ಓರೆಯಾಗಿವೆ, ಅವುಗಳಲ್ಲಿ ಎರಡರ ಬೆಳಕು ನೇರವಾಗಿ ಅತ್ತಿಮರದ ನೆತ್ತಿಗೆ ಬೀಳುತ್ತದೆ. ಆ ಎರಡನ್ನು ತಗ್ಗಿಸಿ, ಮರದ ಕಡೆಗೆ ತಗಡಿನ ಮರೆ ಕಟ್ಟಲು ನಮ್ಮ ಊರಿನ ದೀಪ ನೋಡಿಕೊಳ್ಳುವವರು ಒಪ್ಪಿದ್ದಾರೆ; ತಗಡು ನಾನೇ ಕೊಡಬೇಕಂತೆ. ಬರುವ ಮೇ ತಿಂಗಳಿನಲ್ಲಿ ಮರ ಮತ್ತು ಹಳ್ಳ ಎರಡೂ ಕಡೆ ಎಣಿಸಿ ಇಲ್ಲಿಯೇ ತಿಳಿಸುತ್ತೇನೆ.